ಓದುಗರ ಪ್ರಶ್ನೆ: ಕೀಲಿಕೈ ಮಗುವಿನ ಜೇಬಿನಲ್ಲಿರಲಿ

ಈ ಸಲ ಕೈಸೇರಿದ ಪತ್ರಗಳಲ್ಲಿ ಮುಕ್ಕಾಲು ಪಾಲು ರಜೆಯದ್ದೇ ಮಾತು. ರಜೆ ಬಂದರೆ ಮಕ್ಕಳಿಗೆ ಹತ್ತಿರವಾಗಬಹುದು ಅಂದುಕೊಂಡಿದ್ದವರು, ಬಂದ ಮೇಲೆ ದಿಕ್ಕು ತೋಚದೆ ಬರೆದಿದ್ದಾರೆ. ನಾನು 28 ವರ್ಷ ಒಂದನೇ ತರಗತಿಯ ಮಕ್ಕಳಿಗೆ ಪಾಠ ಹೇಳಿದವಳು, ಇಬ್ಬರು ಮಕ್ಕಳನ್ನು ಬೆಳೆಸಿದವಳು. ಕಣ್ಣಾರೆ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಐದು ಪತ್ರಗಳಿಗೆ ಉತ್ತರಿಸುತ್ತಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಅದೇ ಸಂಕಟವನ್ನು ಹಲವರು ಬೇರೆ ಬೇರೆ ಮಾತಿನಲ್ಲಿ ತೋಡಿಕೊಂಡಿದ್ದಾರೆ.

ಪ್ರಶ್ನೆ: ನಾನು, ನಮ್ಮವರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ವರ್ಷಕ್ಕೊಮ್ಮೆ ರಜೆ ಹಾಕಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಮಗನಿಗೆ 9, ಮಗಳಿಗೆ 6 ವರ್ಷ. ಈ ಸಲ ಆರು ದಿನವೂ ಜಗಳ, ಹಟ, ಅಳು. ಮೂರನೇ ದಿನ ನಾನೇ ಎಲ್ಲರೆದುರು ಕೂಗಾಡಿ ಅತ್ತುಬಿಟ್ಟೆ. ಒಟ್ಟಿಗಿರೋಣ ಅಂತಲೇ ಅಷ್ಟು ದೂರ ಹೋಗಿದ್ದು. ನಾವು ಎಲ್ಲಿ ತಪ್ಪಿದೆವು?

ಉತ್ತರ: ತಂಗಿ, ಮೊದಲು ಆ ಮೂರನೇ ದಿನವನ್ನೇ ನೋಡೋಣ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯ ತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ. ಮೊದಲ ಎರಡು ರಾತ್ರಿ ನಿಮ್ಮ ಮಕ್ಕಳು ಎಷ್ಟು ಹೊತ್ತು ಮಲಗಿದ್ದರು, ನೆನಪು ಮಾಡಿಕೊಳ್ಳಿ. ಹೊಸ ಹಾಸಿಗೆ, ಹೊತ್ತು ತಪ್ಪಿದ ಊಟ, ಬೆಳಗಾದರೆ ಹೊರಡುವ ಗಡಿಬಿಡಿ. ಮನೆಯಲ್ಲಾದರೆ ಆರು ವರ್ಷದ ಮಗುವಿಗೂ ಸ್ನಾನ ಆದಮೇಲೆ ಏನು, ಊಟ ಆದಮೇಲೆ ಏನು ಅನ್ನುವುದು ಗೊತ್ತಿರುತ್ತದೆ. ಪ್ರವಾಸದಲ್ಲಿ ಆ ಗುರುತುಗಳೆಲ್ಲ ಒಮ್ಮೆಗೇ ಅಳಿಸಿಹೋಗುತ್ತವೆ. ಆಗ ಮಗುವಿಗೆ ಹಿಡಿದುಕೊಳ್ಳಲು ಸಿಗುವುದು ಹಟವೊಂದೇ. ನೀವೂ ಅವರಷ್ಟೇ ದಣಿದಿದ್ದಿರಿ. ಆ ಅಳುವನ್ನು ನಿಮ್ಮ ಸಂಸಾರದ ಮೇಲಿನ ತೀರ್ಪು ಅಂದುಕೊಳ್ಳಬೇಡಿ.

ರಜೆ ಮುಗಿದು ಶಾಲೆ ಶುರುವಾದ ದಿನ ನಾನು ಮಕ್ಕಳ ಕೈಗೆ ಹಾಳೆ, ಬಣ್ಣದ ಕಡ್ಡಿ ಕೊಟ್ಟು ‘ರಜೆಯಲ್ಲಿ ಆದದ್ದೊಂದನ್ನು ಬರೆಯಿರಿ, ಚಿತ್ರ ಬರೆಯಿರಿ’ ಅನ್ನುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗ ಇಡೀ ಹಾಳೆಯ ತುಂಬ ಒಂದು ಕೀಲಿಕೈ ಬರೆದ. ಹಲ್ಲುಹಲ್ಲಾದ ತುದಿ, ಉಂಗುರ, ಉಂಗುರಕ್ಕೆ ಕಟ್ಟಿದ ಚಿಕ್ಕ ಮರದ ತುಂಡು, ಅದರ ಮೇಲೆ ಕೋಣೆಯ ನಂಬರು. ಅಪ್ಪ ಅಮ್ಮ ಅವನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ ಬಂದಿದ್ದರು. ಅವನಿಗೆ ಬೇರೇನೂ ಬರೆಯಬೇಕು ಅನ್ನಿಸಿರಲಿಲ್ಲ. ಕೇಳಿದರೆ ಚಡ್ಡಿಯ ಜೇಬು ತಟ್ಟಿ ತೋರಿಸಿ, ‘ನಾಲ್ಕು ದಿನ ನನ್ನ ಹತ್ರಾನೇ ಇತ್ತು ಮಿಸ್, ನಾನು ತೆಗೀದೆ ಯಾರೂ ಒಳಗೆ ಹೋಗೋ ಹಾಗಿರಲಿಲ್ಲ’ ಅಂದ. ಆ ಹುಡುಗ ನನಗೆ ಕಲಿಸಿದ್ದನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಆ ಪ್ರವಾಸದಲ್ಲಿ ಅವನಿಗೊಂದು ಪಾಲಿತ್ತು, ಉಳಿದವರು ಅವನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು.

ನಿಮ್ಮ ಪ್ರವಾಸದ ವಿವರವನ್ನು ಪತ್ರದಲ್ಲಿ ಎರಡು ಸಲ ಓದಿದೆ. ಎಲ್ಲಿಗೆ, ಎಷ್ಟು ಹೊತ್ತಿಗೆ, ಏನು ನೋಡುವುದು ಅನ್ನುವುದೆಲ್ಲ ನೀವಿಬ್ಬರೇ ಗೊತ್ತುಮಾಡಿದ್ದೀರಿ. ಮಕ್ಕಳು ಸಾಮಾನಿನ ಜೊತೆಗೆ ಸಾಮಾನಾಗಿ ಹೋಗಿದ್ದಾರೆ. ಇದನ್ನು ನೋಯಿಸಲು ಹೇಳುತ್ತಿಲ್ಲ, ಪ್ರೀತಿ ಇರುವ ಮನೆಗಳಲ್ಲೇ ಹೀಗಾಗುತ್ತದೆ.

ಮುಂದಿನ ಸಲ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಏನೂ ಇರದಿರಲಿ. ಮಗನ ಕೈಗೆ ನಕ್ಷೆ ಕೊಡಿ, ಮಗಳ ಕೈಗೆ ನೀರಿನ ಬಾಟಲಿಗಳ ಲೆಕ್ಕ ಕೊಡಿ. ಮನೆಯಲ್ಲಿ ಮಲಗುವ ಮುಂಚೆ ಏನು ಮಾಡುತ್ತೀರೋ, ಕಥೆಯೋ ಹಾಡೋ, ಅದನ್ನು ಅಲ್ಲಿಯೂ ಬಿಡಬೇಡಿ. ಬಾರ್ಬರಾ ಫೀಸ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 2002ರಲ್ಲಿ, ಕುಟುಂಬಗಳ ದಿನಚರಿ ಮತ್ತು ಆಚರಣೆಗಳ ಬಗ್ಗೆ 50 ವರ್ಷ ನಡೆದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದಿನಚರಿ ಅಂದರೆ ಆಗಬೇಕಾದ ಕೆಲಸ. ಅದೇ ಕೆಲಸಕ್ಕೆ ‘ಇದು ನಮ್ಮ ಮನೆಯದು’ ಅನ್ನುವ ಅರ್ಥ ಸೇರಿಕೊಂಡರೆ ಅದು ಆಚರಣೆ. ಹೀಗೆ ಬಿಡಿಸಿ ಹೇಳಿದ್ದು ನನಗೆ ತುಂಬ ಉಪಯೋಗಕ್ಕೆ ಬಂತು. ಮಲಗಿಸುವುದು ಎಲ್ಲರ ಮನೆಯಲ್ಲೂ ಇದೆ. ದೀಪ ಆರಿಸುವ ಮುಂಚೆ ನಿಮ್ಮ ಮನೆಯಲ್ಲಿ ಮಾತ್ರ ಹೇಳುವ ಒಂದು ಮಾತು ಇದ್ದರೆ, ಅದನ್ನು ಯಾವ ಊರಿಗೆ ಬೇಕಾದರೂ ಒಯ್ಯಬಹುದು.

ಇನ್ನು ಆ ಕೂಗಾಟ. ಇವತ್ತೇ ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ‘ಅವತ್ತು ನಾನು ಹಾಗೆ ಕೂಗಬಾರದಿತ್ತು. ನಂಗೆ ತುಂಬಾ ಸುಸ್ತಾಗಿತ್ತು’ ಅನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ’ ಎಂದು ಮುಂದುವರಿಸಿದರೆ ಹೇಳಿದ್ದೆಲ್ಲ ನೀರುಪಾಲು.

ಪ್ರಶ್ನೆ: ಕೆಲಸದಿಂದ ಮನೆಗೆ ಬರುವಾಗ ರಾತ್ರಿ 8 ಗಂಟೆ. ಮಗಳಿಗೆ 4 ವರ್ಷ, 9ಕ್ಕೆ ಮಲಗುತ್ತಾಳೆ. ನಾನು ಎತ್ತಿಕೊಳ್ಳಲು ಹೋದರೆ ‘ಅಮ್ಮನೇ ಬೇಕು’ ಎಂದು ಅಳುತ್ತಾಳೆ. ಮುಂದಿನ ತಿಂಗಳು ಎರಡು ವಾರ ರಜೆ ಹಾಕಿ ಮನೆಯಲ್ಲೇ ಇರುತ್ತೇನೆ. ಆಗ ಸರಿಹೋಗುತ್ತದೆಯೇ?

ಉತ್ತರ: ಆ ಎರಡು ವಾರದ ರಜೆಯ ತನಕ ಕಾಯುವುದು ಬೇಡ. ನಿಮ್ಮ ಕೈಯಲ್ಲಿ ದಿನಕ್ಕೊಂದು ಗಂಟೆ ಇದೆಯಲ್ಲ, ಅದರಲ್ಲಿ ಒಂದು ಕೆಲಸವನ್ನು ಪೂರ್ತಿ ನಿಮ್ಮದಾಗಿ ಮಾಡಿಕೊಳ್ಳಿ. ಹಲ್ಲುಜ್ಜಿಸುವುದು ಆಗಬಹುದು, ಬಟ್ಟೆ ಬದಲಿಸುವುದು ಆಗಬಹುದು. ಅರ್ಧ ನೀವು, ಅರ್ಧ ಅಮ್ಮ ಅನ್ನುವುದು ಬೇಡ. ಮೊದಲ ನಾಲ್ಕೈದು ದಿನ ಅತ್ತಾಳು. ಆ ಹೊತ್ತಿಗೆ ನಿಮ್ಮ ಹೆಂಡತಿ ಓಡಿಬಂದು ಬಿಡಿಸಿಕೊಳ್ಳದೆ, ಅಲ್ಲೇ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇನ್ನೇನೋ ಕೆಲಸ ಮಾಡಿಕೊಂಡಿರಲಿ. ‘ಅಮ್ಮನೇ ಬೇಕು’ ಅನ್ನುವ ಮಾತಿಗೆ ನೊಂದುಕೊಳ್ಳಬೇಡಿ. ನಿಮ್ಮನ್ನು ಬೇಡವೆಂದಲ್ಲ, ದಿನವೂ ಆ ಹೊತ್ತಿಗೆ ಯಾರ ಕೈ ಇತ್ತೋ ಅದೇ ಕೈ ಬೇಕು ಅನ್ನುತ್ತಿದ್ದಾಳೆ. ಕೆಲವು ವಾರ ಬಿಡದೆ ನಿಮ್ಮ ಕೈ ಇದ್ದರೆ ಅದನ್ನೂ ಕೇಳುತ್ತಾಳೆ.

ನಮ್ಮವರದು ಪಾಳಿಯ ಕೆಲಸ. ಮಗನಿಗೆ ಮೂರು ವರ್ಷ ಇದ್ದಾಗ ಅವರು ಮನೆಗೆ ಬಂದು ಕುರ್ಚಿಯಲ್ಲಿ ಕೂತು ಕಾಲು ಚಾಚುತ್ತಿದ್ದರು. ಸಾಕ್ಸ್ ಬಿಚ್ಚುವುದು ಮಗನ ಕೆಲಸ. ನೆಲದ ಮೇಲೆ ಕೂತು, ಬೆರಳಿನ ತುದಿಯ ಹತ್ತಿರ ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ ಎಳೆಯುತ್ತಿದ್ದ. ಅದು ಹಿಮ್ಮಡಿಯಲ್ಲಿ ಸಿಕ್ಕಿಕೊಂಡು, ಉದ್ದವಾಗುತ್ತ ಉದ್ದವಾಗುತ್ತ ಪಟ್ಟನೆ ಕಳಚಿದಾಗ ಹಿಂದಕ್ಕೆ ಮಗುಚಿ ಬೀಳುತ್ತಿದ್ದ. ಅವರು ಗಂಭೀರವಾಗಿ ‘ಇನ್ನೊಂದಿದೆಯಲ್ಲಪ್ಪಾ’ ಅನ್ನಬೇಕು. ಅದು ಅವನಿಗೆ ಗೊತ್ತಿದ್ದ ಮಾತೇ, ಆದರೂ ದಿನಾ ಕೇಳಬೇಕು. ಎಲ್ಲ ಸೇರಿ ಎರಡು ನಿಮಿಷ. ರಾತ್ರಿ ಪಾಳಿ ಇದ್ದ ವಾರ ಅದೇ ಎರಡು ನಿಮಿಷ ಬೆಳಗ್ಗೆ ನಡೆಯುತ್ತಿತ್ತು. ಹೊತ್ತು ಬದಲಾದರೂ ಸಾಕ್ಸ್ ತಪ್ಪಲಿಲ್ಲ.

ಇನ್ನೊಂದು ಮಾತು. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಕೂಸಿನೊಂದಿಗೆ ನಗುತ್ತ ಆಡುತ್ತಿದ್ದು, ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಕೂತಿರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ತನಗೆ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿ ನೋಡುತ್ತದೆ. ಕೊನೆಗೆ ಮುಖ ತಿರುಗಿಸಿಕೊಳ್ಳುತ್ತದೆ, ಅಳುತ್ತದೆ. ನಿಮ್ಮ ಮಗಳು ಕೂಸಲ್ಲ ನಿಜ. ಆದರೂ ಮೊಬೈಲ್ ನೋಡುತ್ತಿರುವಾಗ ನಮ್ಮ ಮುಖ ಹೇಗಿರುತ್ತದೆ, ಒಮ್ಮೆ ಯೋಚಿಸಿ. ಆ ಒಂದು ಗಂಟೆ ಫೋನು ಚಪ್ಪಲಿಯ ಹತ್ತಿರವೇ ಇರಲಿ.

ಎರಡು ವಾರದ ರಜೆಯಲ್ಲಿ ದಿನವಿಡೀ ಅವಳನ್ನು ಕುಣಿಸಿ ನಗಿಸಲು ಹೋಗಬೇಡಿ. ಆಮೇಲೆ ಕೆಲಸಕ್ಕೆ ಹೊರಟಾಗ ಅಷ್ಟೂ ಒಟ್ಟಿಗೆ ಕೈತಪ್ಪುತ್ತದೆ. ಅದೇ ಹಲ್ಲುಜ್ಜುವ ಕೆಲಸ, ಅದೇ ಹೊತ್ತು ಮುಂದುವರಿಯಲಿ.

ಪ್ರಶ್ನೆ: ರಜೆಯಲ್ಲಿ ಮೊಬೈಲ್, ಟೀವಿ ಎಷ್ಟು ಹೊತ್ತು ಕೊಡಬಹುದು? ಮಕ್ಕಳಿಗೆ 3 ಮತ್ತು 8.

ಉತ್ತರ: ಚಿಕ್ಕವನಿಗೆ ಲೆಕ್ಕ ಸ್ಪಷ್ಟವಾಗಿದೆ. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. 8 ವರ್ಷದವಳಿಗೆ ಇಷ್ಟೇ ಗಂಟೆ ಎಂಬ ಗೆರೆ ಹಾಕದೆ, ಕೂತು ಪರದೆ ನೋಡುವುದನ್ನು ಮಿತಿಯಲ್ಲಿಡಿ ಎಂದು 2020ರಲ್ಲಿ ಹೇಳಿತು. ಜೊತೆಗೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಆಟ, ಓಟ ಬೇಕೆಂದಿತು. ನಾನು ನೋಡುವುದು ನಿದ್ದೆ ಹೋಯಿತೇ, ಆಟ ಹೋಯಿತೇ, ಮಾತು ಹೋಯಿತೇ ಅನ್ನುವುದನ್ನು. ಮೂರೂ ಇದ್ದರೆ ಒಂದು ಸಿನಿಮಾ ನೋಡಿದರೆ ಏನೂ ಆಗದು. ಮಲಗುವ ಕೋಣೆಗೆ ಮಾತ್ರ ಮೊಬೈಲ್ ಬರಬಾರದು, ದೊಡ್ಡವರದೂ ಸೇರಿ.

ಪ್ರಶ್ನೆ: ಮೊಮ್ಮಕ್ಕಳು ರಜೆಗೆ ಬಂದಿದ್ದಾರೆ. ಎರಡೇ ದಿನಕ್ಕೆ ‘ಅಜ್ಜಿ, ಬೋರು’ ಎಂದು ಶುರುಮಾಡಿದ್ದಾರೆ. ದಿನಾ ಹೊಸ ಆಟ ಎಲ್ಲಿಂದ ತರಲಿ? ನನಗೆ 66 ವರ್ಷ, ಮಂಡಿನೋವು ಬೇರೆ.

ಉತ್ತರ: ಅಮ್ಮಾ, ಆಟ ತರಬೇಡಿ, ಕೆಲಸ ಕೊಡಿ. ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಒಂದೂವರೆ ವರ್ಷದ ಮಕ್ಕಳನ್ನು ಗಮನಿಸಿದರು. ಪರಿಚಯವಿಲ್ಲದ ದೊಡ್ಡವರ ಕೈಯಿಂದ ಏನಾದರೂ ಜಾರಿ ಬಿದ್ದು ಎಟುಕದೆ ಹೋದರೆ, ಯಾರೂ ಹೇಳದೆಯೇ ಆ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರು ತಂದುಕೊಟ್ಟರು. ಎರಡು ವರ್ಷ ಬಿಟ್ಟು ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಸಹಾಯಕ್ಕೆ ಬಹುಮಾನ ಕೊಟ್ಟಾಗ ಮಕ್ಕಳ ಆ ಹುರುಪು ಕಡಿಮೆಯಾಯಿತು. ಹಾಗಾಗಿ ಲಂಚದ ಆಸೆ ತೋರಿಸಬೇಡಿ. ನಿಮ್ಮ ಮಂಡಿನೋವೇ ಒಳ್ಳೆಯ ಕಾರಣ. ‘ನನ್ನಿಂದ ಬಗ್ಗಲು ಆಗಲ್ಲ, ಕೆಳಗಿನ ಕಪಾಟು ನೀನು ನೋಡಿಕೊಳ್ಳಪ್ಪಾ’ ಅನ್ನಿ. ಅಲ್ಲಿರುವ ಹಳೆಯ ಡಬ್ಬಿ, ಗುಂಡಿ, ದಾರದ ಉಂಡೆಗಳಲ್ಲಿ ಒಂದೊಂದೂ ಯಾರದ್ದು ಎಂದು ಅವರೇ ಕೇಳತೊಡಗುತ್ತಾರೆ. ನಡುವೆ ಬೋರಾದರೆ ಆಗಲಿ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಅವರೇ ಏನಾದರೂ ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: 13 ವರ್ಷದ ಮಗಳು ರಜೆ ಬಂದರೆ ಕೋಣೆಯಿಂದ ಹೊರಗೇ ಬರುವುದಿಲ್ಲ. ಎದ್ದೇಳುವಾಗ ಹತ್ತು ಗಂಟೆ. ‘ಏನಾಯಿತು, ಏನು ಯೋಚನೆ’ ಎಂದು ಕೇಳಿದರೆ ‘ಏನಿಲ್ಲ’. ಚಿಕ್ಕವಳಿದ್ದಾಗ ನನ್ನ ಸೆರಗು ಬಿಡುತ್ತಿರಲಿಲ್ಲ. ಅವಳು ಕೈತಪ್ಪಿ ಹೋದಳೇ ಎಂದು ಭಯ.

ಉತ್ತರ: ಕೈತಪ್ಪಿಲ್ಲ. ಹತ್ತು ಗಂಟೆಯ ವಿಷಯ ಮೊದಲು ಮುಗಿಸೋಣ. ಪ್ರಾಯಕ್ಕೆ ಬರುವಾಗ ನಿದ್ದೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಏರತೊಡಗುತ್ತದೆ, ಮೈಯ ಗಡಿಯಾರವೇ ತಡವಾಗುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಇದನ್ನು ಸೋಮಾರಿತನ ಎಂದು ಕರೆಯಬೇಡಿ. ಶಾಲೆ ಶುರುವಾಗುವ ಹತ್ತು ದಿನ ಮುಂಚಿನಿಂದ ಕಾಲು ಕಾಲು ಗಂಟೆ ಬೇಗ ಎಬ್ಬಿಸಿ, ಎದ್ದ ಕೂಡಲೇ ಬಿಸಿಲು ಕಾಣುವಂತೆ ಮಾಡಿದರೆ ಸಾಕು. ಊಟ, ನಿದ್ದೆ, ಗೆಳತಿಯರು ಎಲ್ಲವನ್ನೂ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ ಮಾತ್ರ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

ಮಾತಿನ ವಿಷಯಕ್ಕೆ ಬಂದರೆ, ಎದುರಿಗೆ ಕೂರಿಸಿಕೊಂಡು ಕೇಳಿದರೆ ಅದು ವಿಚಾರಣೆಯಾಗುತ್ತದೆ. ಕೇಳುವುದನ್ನು ಬಿಟ್ಟು ಹೇಳಲು ಶುರುಮಾಡಿ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ 2001ರಲ್ಲಿ 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು, ನಿನಗೆ ಈ ಹೆಸರು ಹೇಗೆ ಬಂತು, ಇಂಥವು. ಇವುಗಳ ಉತ್ತರ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಮೇಲಿನ ನಂಬಿಕೆಯೂ ಹೆಚ್ಚಿತ್ತು. ಉತ್ತರವನ್ನು ಬಾಯಿಪಾಠ ಮಾಡಿಸಿದರೆ ಏನೂ ಬಾರದು; ಅದನ್ನೆಲ್ಲ ಹೇಳಲು ಒಟ್ಟಿಗೆ ಕೂತ ಹೊತ್ತು ಇರುತ್ತದಲ್ಲ, ಮುಖ್ಯವಾದದ್ದು ಅದು.

ನನ್ನ ಮಗಳು 14ರಲ್ಲಿ ಹೀಗೇ ಬಾಗಿಲು ಹಾಕಿಕೊಂಡಿದ್ದಳು. ನಮ್ಮಿಬ್ಬರನ್ನು ಉಳಿಸಿದ್ದು ಒಗೆದ ಹೊದಿಕೆಗಳು. ಅಗಲವಾದ ಹೊದಿಕೆ ಒಬ್ಬರಿಂದ ನೀಟಾಗಿ ಮಡಚಲು ಆಗುವುದಿಲ್ಲ. ಅವಳು ಎರಡು ಮೂಲೆ, ನಾನು ಎರಡು ಮೂಲೆ. ಎಳೆದು ಬಿಗಿ ಮಾಡಿ, ಒಮ್ಮೆ ಕೊಡವಿ, ನಡೆದು ಹತ್ತಿರ ಬಂದಾಗ ಅವಳ ಬೆರಳಿನಿಂದ ಮೂಲೆಗಳನ್ನು ನಾನು ತೆಗೆದುಕೊಳ್ಳಬೇಕು. ಕಣ್ಣೆಲ್ಲ ಬಟ್ಟೆಯ ಮೇಲೆ. ಒಂದು ದಿನ ಹಾಗೇ ಮಡಚುತ್ತ, 13ರ ವಯಸ್ಸಿನಲ್ಲಿ ನಾನು ಲೆಕ್ಕದ ಪರೀಕ್ಷೆಯಲ್ಲಿ ಫೇಲಾಗಿ ಅಂಕಪಟ್ಟಿಯನ್ನು ಮೂರು ದಿನ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದನ್ನು ಹೇಳಿದೆ. ಅವಳೇನೂ ಅನ್ನಲಿಲ್ಲ. ಮೂರನೇ ಹೊದಿಕೆ ಮುಗಿಯುವ ಹೊತ್ತಿಗೆ, ಬಟ್ಟೆಯನ್ನೇ ನೋಡುತ್ತ, ‘ಅಮ್ಮ, ತರಗತಿಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿಲ್ಲ’ ಅಂದಳು. ನಾನು ಕೈಯಲ್ಲಿದ್ದ ಮೂಲೆ ಬಿಡಲಿಲ್ಲ, ಗಾಬರಿಯಿಂದ ಮೈಮೇಲೆ ಬೀಳಲೂ ಇಲ್ಲ. ‘ಎಷ್ಟು ದಿನದಿಂದ ಪುಟ್ಟಿ?’ ಅಂದು ಮುಂದಿನ ಹೊದಿಕೆಯ ತುದಿಯನ್ನು ಅವಳ ಕಡೆ ಚಾಚಿದೆ.