ನಿಂಜಾಗಳ ಹಾಗೆ ಸದ್ದಿಲ್ಲದೆ ನಡೆಯುವುದನ್ನು ಮನೆಯಲ್ಲೇ ಕಲಿಯಬಹುದಾ? ಕಪ್ಪು ಡ್ರೆಸ್ ಬೇಕಾ?

ಕಲಿಯಬಹುದು. ಆದರೆ ಮೊದಲು ಆ ಕಪ್ಪು ಡ್ರೆಸ್ ಆರ್ಡರ್ ಕ್ಯಾನ್ಸಲ್ ಮಾಡಿ. ನಾನೂ ತರಿಸಿದ್ದೆ. ಈಗ ಅದು ಬೈಕ್ ಒರೆಸುವ ಬಟ್ಟೆ.

ಆಗ ಕೆಲಸದ ಮೇಲೆ ಜಪಾನಿನ ನಗೋಯಾದಲ್ಲಿದ್ದೆ. ಒಂದು ಭಾನುವಾರ ರೈಲು ಹತ್ತಿ, ಹಳೆಯ ಕಾಲದ ಗೂಢಚಾರರಾದ ನಿಂಜಾಗಳ ತವರು ಇಗಾಕ್ಕೆ ಹೋದೆ. ಅಲ್ಲಿನ ನಿಂಜಾ ಮ್ಯೂಸಿಯಂನಲ್ಲಿ ಗೋಡೆಯ ಹಾಗೆ ಕಾಣುವ ತಿರುಗುಬಾಗಿಲು, ನೆಲದ ಹಲಗೆಯಡಿ ಬಚ್ಚಿಟ್ಟ ಕತ್ತಿ, ಎಲ್ಲ ನೋಡಿ ಹುಚ್ಚು ಹಿಡಿಯಿತು. ವಾಪಸ್ ಬಂದವನೇ ವಿಡಿಯೊ ನೋಡಿಕೊಂಡು 'ನುಕಿ ಆಶಿ' ಶುರು ಮಾಡಿದೆ. ಕಾಲನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಇಡುವ ನಡಿಗೆ ಅದು.

ನನ್ನ ತಪ್ಪು ಇಷ್ಟೇ. ಪಾದದ ಜೊತೆ ಮೈ ಭಾರವನ್ನೂ ಮುಂದಕ್ಕೆ ಒಯ್ಯುತ್ತಿದ್ದೆ. ನಾವು ದಿನಾ ನಡೆಯುವುದೇ ಹಾಗೆ, ಒಂಥರಾ ಮುಂದಕ್ಕೆ ಬೀಳುತ್ತಾ. ನುಕಿ ಆಶಿಯಲ್ಲಿ ಭಾರವೆಲ್ಲ ಹಿಂದಿನ ಕಾಲಿನ ಮೇಲೇ ಇರಬೇಕು, ಮಂಡಿ ಸ್ವಲ್ಪ ಬಾಗಿರಬೇಕು. ಮುಂದಿನ ಪಾದದ ಕಿರುಬೆರಳಿನ ಅಂಚು ಮೊದಲು ನೆಲ ಮುಟ್ಟಬೇಕು. ಅಲ್ಲಿ ಒಣಗಿದ ಎಲೆ ಇದೆಯಾ, ಹಲಗೆ ಅಲುಗುತ್ತದಾ ಅಂತ ತಡವಿ ನೋಡಬೇಕು. ಸರಿಯಿಲ್ಲ ಅನ್ನಿಸಿದರೆ ಪಾದ ವಾಪಸ್ ತೆಗೆದುಕೊಳ್ಳಬೇಕು. ಎಲ್ಲ ಸರಿ ಇದ್ದರೆ ಆಮೇಲೆ ಭಾರ. ಅಂದರೆ ಯಾವ ಕ್ಷಣದಲ್ಲಾದರೂ ಹಿಂದೆ ಸರಿಯಲು ಸಾಧ್ಯವಿರಬೇಕು. ನನಗೆ ಸಾಧ್ಯವಿರಲಿಲ್ಲ.

ಜಪಾನಿನ ಮನೆಗಳಲ್ಲಿ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗ ಒಂದು ಮೆಟ್ಟಿಲು ತಗ್ಗಿರುತ್ತದೆ. ಗೆಂಕಾನ್ ಅನ್ನುತ್ತಾರೆ. ರಾತ್ರಿ ಲೈಟ್ ಆರಿಸಿ, ಮುಸುಕು ಬೇರೆ ಹಾಕಿಕೊಂಡು ನಡೆಯುತ್ತಿದ್ದೆ. ಪಾದಕ್ಕೆ ನೆಲ ಸಿಗಲಿಲ್ಲ. ಭಾರ ಆಗಲೇ ಮುಂದೆ ಹೋಗಿತ್ತು. ಕಾಲಿನ ಗಂಟಿನ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್. ಡಾಕ್ಟರ್‌ಗೆ ಕಾರಣ ಹೇಳುವಾಗ ಆದ ನಾಚಿಕೆ ಅದಕ್ಕಿಂತ ಜಾಸ್ತಿ.

ಮಲಗಿದ್ದಾಗ ಓದಲು ಟೈಮ್ ಸಿಕ್ಕಿತು. ಆಗ ಗೊತ್ತಾಗಿದ್ದು, ನೀವು ಕೇಳುತ್ತಿರುವ ಪ್ರಶ್ನೆಯೇ ತಪ್ಪು. 1676ರ 'ಬನ್‌ಸೆನ್‌ಶೂಕಾಯ್' ಎಂಬ ಇಗಾ ಮತ್ತು ಅದರ ಪಕ್ಕದ ಕೋಕಾ ಕಡೆಯ ನಿಂಜಾ ವಿದ್ಯೆಯ ಗ್ರಂಥ ಹೇಗೆ ನಡೆಯಬೇಕು ಎಂಬುದಕ್ಕೆ ನಿಲ್ಲದೆ ಯಾವಾಗ ಹೋಗಬೇಕು ಎಂಬುದನ್ನೂ ಹೇಳುತ್ತದೆ. ಮದುವೆ ಮುಗಿದ ಮರುರಾತ್ರಿ, ರೋಗಿ ಚೇತರಿಸಿಕೊಂಡ ರಾತ್ರಿ, ಗಾಳಿ ಮಳೆಯ ರಾತ್ರಿ. ದಿನಗಟ್ಟಲೆ ನಿದ್ದೆಗೆಟ್ಟವರು ಆಗ ಸತ್ತ ಹಾಗೆ ಮಲಗುತ್ತಾರೆ ಅಲ್ವಾ? ಗಾಳಿ ಮಳೆಯಲ್ಲಂತೂ ನಿಮ್ಮ ಹೆಜ್ಜೆ ಯಾರಿಗೂ ಕೇಳುವುದಿಲ್ಲ.

ಕತ್ತಲಲ್ಲಿ ನುಸುಳುವುದು ಅರ್ಧ ವಿದ್ಯೆ, ಅದು 'ಇನ್ನಿನ್'. ಇನ್ನರ್ಧ 'ಯೋನಿನ್', ಎಲ್ಲರ ಕಣ್ಣೆದುರೇ ಒಳಗೆ ಹೋಗುವುದು. ನಮ್ಮ ಹಗಲುವೇಷದವರು ನೆನಪಾದರು. ಮುಖ ಮುಚ್ಚುವ ಬುಟ್ಟಿಟೋಪಿ ಹಾಕಿ ಕೊಳಲು ಊದುವ ಕೊಮುಸೋ ಸನ್ಯಾಸಿ, ಬೆಟ್ಟದಲ್ಲಿ ತಪಸ್ಸು ಮಾಡುವ ಯಮಬುಶಿ, ವ್ಯಾಪಾರಿ, ಹೀಗೆ ಏಳು ವೇಷ ಹೇಳುತ್ತಾರೆ. ಅದರಲ್ಲಿ ಒಂದು ಸುಮ್ನೆ ಸಾಮಾನ್ಯ ಮನುಷ್ಯನ ವೇಷ! ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಇದರಲ್ಲಿ ಕಪ್ಪು ಡ್ರೆಸ್ಸಿಗೆ ಜಾಗ ಎಲ್ಲಿದೆ ಹೇಳಿ.

ಇಷ್ಟು ಹೇಳಿದರೂ ನಡಿಗೆಯೇ ಬೇಕು ಅಂದರೆ ಹಗಲಲ್ಲಿ, ಬರಿಗಾಲಲ್ಲಿ, ಹಿಂದಿನ ಕಾಲಿನ ಮೇಲೆ ಭಾರ ಇಟ್ಟು ಕಲಿಯಿರಿ. ನನ್ನ ಕಾಲಿನ ಗಂಟು ಈಗ ಹೆಜ್ಜೆಗೊಮ್ಮೆ ಲಟಕ್ ಅನ್ನುತ್ತದೆ. ರಾತ್ರಿ ನೀರು ಕುಡಿಯಲು ಎದ್ದರೂ ಮನೆಯವರಿಗೆಲ್ಲ ಎಚ್ಚರವಾಗುತ್ತದೆ.