ಹಳೇ ಚೈನ್‌ಸಾ ಓವರ್‌ಫ್ಲೋ ಆಗ್ತಿದೆ, ಹೊಸ ಕಾರ್ಬುರೇಟರ್ ತರಬೇಕಾ?

ಪ್ರಶ್ನೆ: ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಹಳೆಯ ಚೈನ್‌ಸಾ ಒಂದಿದೆ. ತೋಟದಲ್ಲಿ ಬಿದ್ದ ಮರ ತುಂಡು ಮಾಡುವುದಕ್ಕೆ, ಸಿಲ್ವರ್ ಓಕ್ ಕೊಯ್ಯುವುದಕ್ಕೆ ಅದೇ ಆಧಾರ. ಮಳೆಗಾಲ ಮುಗಿದ ಮೇಲೆ ಹೊರಗೆ ತೆಗೆದರೆ ಸ್ಟಾರ್ಟೇ ಆಗುತ್ತಿಲ್ಲ. ಪ್ಲಗ್ ಬಿಚ್ಚಿದರೆ ಪೆಟ್ರೋಲ್‌ನಲ್ಲಿ ಒದ್ದೆ. ಒಣಗಿಸಿ ಹಾಕಿದರೆ ಬುರ್ರ್ ಅಂತ ಹೊಗೆ ಬಿಟ್ಟು ನಿಲ್ಲುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆ ಏರ್ ಫಿಲ್ಟರ್ ಕೆಳಗೆ ಪೆಟ್ರೋಲ್ ನಿಂತಿರುತ್ತದೆ. ಕಾರ್ಬುರೇಟರ್ ಮೇಲೆ ಎಚ್‌ಎಸ್ ಅಂತ ಅಕ್ಷರ ಇದೆ. ಮೆಕ್ಯಾನಿಕ್ ‘ಬಿಸಾಕಿ, ಆನ್‌ಲೈನ್‌ನಲ್ಲಿ ಹೊಸದು ತರಿಸಿ’ ಅನ್ನುತ್ತಾರೆ. ಏನು ಮಾಡಲಿ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಬಿಸಾಕಬೇಡಿ. ಎಚ್‌ಎಸ್ ಅಂದರೆ ಟಿಲ್ಲಟ್ಸನ್ ಕಂಪನಿಯ ಒಂದು ಮಾದರಿಯ ಕಾರ್ಬುರೇಟರ್. ಹಿತ್ತಾಳೆ, ಅಲ್ಯೂಮಿನಿಯಂ ಭಾಗಗಳು ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ, ಸವೆಯುವುದೆಲ್ಲ ರಬ್ಬರು ಮತ್ತು ತೆಳು ಹಾಳೆಗಳು. ಅವು ಕಿಟ್‌ನಲ್ಲಿ ಸಿಗುತ್ತವೆ. ಆನ್‌ಲೈನ್‌ನ ಅಗ್ಗದ ಕಾರ್ಬುರೇಟರ್ ನಿಮ್ಮ ಎಂಜಿನ್‌ಗೆ ಸರಿಹೊಂದುತ್ತದೆ ಅನ್ನುವ ಭರವಸೆ ನನಗಂತೂ ಇಲ್ಲ.

ಮೊದಲು ಪೆಟ್ರೋಲ್ ಎಲ್ಲಿಂದ ನುಗ್ಗುತ್ತಿದೆ ಅಂತ ಗೊತ್ತಾಗಬೇಕು. ಬೈಕಿನ ಕಾರ್ಬುರೇಟರ್‌ನ ಹಾಗೆ ಇದರಲ್ಲಿ ಪೆಟ್ರೋಲ್ ಮೇಲೆ ತೇಲುತ್ತಾ ಮಟ್ಟ ಕಾಯುವ ಫ್ಲೋಟ್ ಇಲ್ಲ, ಯಾಕೆಂದರೆ ಸಾ ಮಗ್ಗುಲಾಗಿಯೂ ತಲೆಕೆಳಗಾಗಿಯೂ ಓಡಬೇಕಲ್ಲ. ಅದರ ಬದಲು ಎರಡು ಡಯಾಫ್ರಾಮ್, ಅಂದರೆ ಬಾಗುವ ತೆಳು ಪೊರೆಗಳು, ಇವೆ. ಒಂದು ಕ್ರ್ಯಾಂಕ್‌ಕೇಸಿನ (ಪಿಸ್ಟನ್ ಕೆಳಗಿನ ಕೋಣೆ) ಒತ್ತಡದ ಬಡಿತಕ್ಕೆ ಕುಣಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ, ಅದು ಪಂಪ್. ಇನ್ನೊಂದು ಎಂಜಿನ್ ಎಳೆದಾಗ ಒಳಗೆ ಬಾಗಿ, ಪುಟ್ಟ ಲಿವರ್ ಒತ್ತಿ, ಪೆಟ್ರೋಲ್ ದಾರಿ ಮುಚ್ಚುವ ಸೂಜಿಯಂಥ ನೀಡಲನ್ನು ಎತ್ತುತ್ತದೆ. ಎಂಜಿನ್ ನಿಂತರೆ ಲಿವರ್ ಕೆಳಗಿನ ಸ್ಪ್ರಿಂಗ್ ನೀಡಲನ್ನು ಮತ್ತೆ ಮುಚ್ಚಬೇಕು. ನಿಮ್ಮದು ನಿಂತಿದ್ದಾಗಲೇ ಸುರಿಯುತ್ತಿದೆ, ಅದೂ ಏರ್ ಫಿಲ್ಟರ್ ಕಡೆಗೆ. ಹಾಗಾಗಿ ನನ್ನ ಅನುಮಾನ ನೀಡಲ್ ಮೇಲೆ. ಕಾರ್ಬುರೇಟರ್ ಬಾಯಿ ಒಣಗಿದ್ದು ಪ್ಲಗ್ ಮಾತ್ರ ಒದ್ದೆಯಾಗಿದ್ದರೆ ಪಂಪ್ ಡಯಾಫ್ರಾಮ್ ತೂತಾಗಿರಬಹುದು ಅನ್ನುತ್ತಿದ್ದೆ. ಆಗ ಪೆಟ್ರೋಲ್ ಬಡಿತದ ದಾರಿಯಲ್ಲೇ ಸೀದಾ ಕ್ರ್ಯಾಂಕ್‌ಕೇಸಿಗೆ ಹೋಗುತ್ತದೆ, ಎಷ್ಟು ಹೊಸ ನೀಡಲ್ ಹಾಕಿದರೂ ನಿಲ್ಲುವುದಿಲ್ಲ.

ಬಿಚ್ಚುವ ಮೊದಲು ಟ್ಯಾಂಕಿನ ಗಾಳಿ ದಾರಿ ನೋಡಿ. ಅದು ಕಟ್ಟಿಕೊಂಡಿದ್ದರೆ ಬಿಸಿಲಿಗೆ ಟ್ಯಾಂಕಿನೊಳಗೆ ಒತ್ತಡ ಏರಿ, ಒಳ್ಳೇ ನೀಡಲನ್ನೂ ದಾಟಿ ಪೆಟ್ರೋಲ್ ಬರುತ್ತದೆ. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಜೋರಾಗಿ ಬುಸ್ ಅಂದರೆ ಮೊದಲು ಅದನ್ನು ಸರಿಮಾಡಿ.

ಈಗ ಕಾರ್ಬುರೇಟರ್ ಹೊರಗೆ ತೆಗೆಯಿರಿ. ಮನೆಯಲ್ಲಿ ಹಳೇ ಬಿಪಿ ನೋಡುವ ಯಂತ್ರ ಇದ್ದರೆ, ಕೈಯಿಂದ ಅದುಮುವ ರಬ್ಬರ್ ಬಲ್ಬಿನದು, ಅದಕ್ಕಿಂತ ಒಳ್ಳೇ ಟೆಸ್ಟರ್ ಬೇಡ. ಪೆಟ್ರೋಲ್ ಪೈಪ್ ಕೂರುವ ನಳಿಗೆಗೆ ಅದರ ಟ್ಯೂಬ್ ಸಿಕ್ಕಿಸಿ, 300ರವರೆಗೆ ಒತ್ತಿ. ಅದು ಸುಮಾರು 0.4 ಬಾರ್. ವರ್ಕ್‌ಶಾಪ್‌ಗಳಲ್ಲಿ 0.8 ಬಾರ್ ತನಕ ಹೋಗುವುದುಂಟು, ಆದರೆ ರಾತ್ರಿಯಿಡೀ ಸುರಿಯುವ ಕಾರ್ಬುರೇಟರ್ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ. ಮುಳ್ಳು ನಿಲ್ಲಬೇಕು. ಇಳಿದರೆ ಇಡೀ ಕಾರ್ಬುರೇಟರನ್ನು ಸೀಮೆಎಣ್ಣೆ ಬಟ್ಟಲಲ್ಲಿ ಮುಳುಗಿಸಿ ಮತ್ತೆ ಒತ್ತಿ. ಗಾಳಿಗುಳ್ಳೆ ನಡುವಿನ ದೊಡ್ಡ ತೂತಿಂದ ಬಂದರೆ ನೀಡಲ್, ಪಂಪ್ ಮುಚ್ಚಳದ ಅಂಚಿಂದ ಬಂದರೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ), ಕ್ರ್ಯಾಂಕ್‌ಕೇಸಿಗೆ ಹೋಗುವ ಸಣ್ಣ ತೂತಿಂದ ಬಂದರೆ ಪಂಪ್ ಡಯಾಫ್ರಾಮ್. ಇದನ್ನು ಮಾಡದೆ ಕಿಟ್ ಹಾಕಿಕೊಡುವ ಮೆಕ್ಯಾನಿಕ್‌ಗಳು ಜಾಸ್ತಿ.

ಕಿಟ್ ಕೇಳುವಾಗ ಆರ್‌ಕೆ-23ಎಚ್‌ಎಸ್ ಅನ್ನಿ, ಎಚ್‌ಎಸ್ ಪಕ್ಕದ ಅಂಕಿಗಳನ್ನೂ ಅಂಗಡಿಯವರಿಗೆ ತೋರಿಸಿ. ಡಿಜಿ-5ಎಚ್‌ಎಸ್ ಅಂತ ಅಗ್ಗದ್ದೊಂದು ಕೊಡಲು ನೋಡುತ್ತಾರೆ. ಅದರಲ್ಲಿ ಡಯಾಫ್ರಾಮ್, ಗ್ಯಾಸ್ಕೆಟ್ ಮಾತ್ರ, ನೀಡಲ್ ಇರುವುದಿಲ್ಲ. ನಿಮಗೆ ಬೇಕಾದದ್ದೇ ನೀಡಲ್.

ಬಿಚ್ಚುವಾಗ ಒಂದೊಂದು ಪದರಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಳಗೆ ಬಿಳಿ ಟವೆಲ್ ಹಾಸಿಕೊಳ್ಳಿ. ಲಿವರ್ ಪಿನ್ನಿನ ಸ್ಕ್ರೂ ತೆಗೆಯುವಾಗ ಹೆಬ್ಬೆರಳು ಲಿವರ್ ಮೇಲೇ ಇರಲಿ, ಇಲ್ಲದಿದ್ದರೆ ಆ ಸ್ಪ್ರಿಂಗ್ ಹಾರಿ ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ನೀಡಲಿನ ಮೊನೆಯನ್ನು ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ಸುತ್ತ ಉಂಗುರದ ಹಾಗೆ ಗೆರೆ ಕೂತಿದ್ದರೆ ಸೋರಿಕೆಗೆ ಕಾರಣ ಅದೇ. ನೀಡಲ್ ಕೂರುವ ತೂತನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಪೆಟ್ರೋಲ್ ಅದ್ದಿ ತಿರುಗಿಸಿ ಒರೆಸಿ. ತಂತಿ, ಪಿನ್ನು, ಸೂಜಿ ಖಂಡಿತ ಬೇಡ, ಒಂದು ಗೀರು ಬಿದ್ದರೆ ಆಮೇಲೆ ನಿಜಕ್ಕೂ ಹೊಸದೇ ತರಬೇಕಾಗುತ್ತದೆ.

ಹೊಸ ನೀಡಲ್, ಸ್ಪ್ರಿಂಗ್, ಲಿವರ್ ಕೂರಿಸಿದ ಮೇಲೆ ಲಿವರಿನ ಎತ್ತರ ನೋಡಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಎಚ್‌ಎಸ್‌ನಲ್ಲಿ ಲಿವರಿನ ತುದಿ ಅದು ಕೂರುವ ಗುಂಡಿಯ ತಳದ ಮಟ್ಟಕ್ಕೆ ಸರಿಯಾಗಿ ಇರಬೇಕು. ಮೇಲೆ ಎದ್ದಿದ್ದರೆ ಡಯಾಫ್ರಾಮ್ ಸದಾ ಒತ್ತುತ್ತಿರುತ್ತದೆ, ಹೊಸ ಕಿಟ್ ಹಾಕಿಯೂ ಓವರ್‌ಫ್ಲೋ. ಕೆಳಗೆ ಇಳಿದಿದ್ದರೆ ರೇಸ್ ಕೊಟ್ಟಾಗ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಬಗ್ಗಿಸಬೇಕಾದರೆ ಲಿವರನ್ನು ಹೊರಗೆ ತೆಗೆದು ಬಗ್ಗಿಸಿ, ನೀಡಲ್ ಮೇಲೆ ಒತ್ತಬೇಡಿ. ಸ್ಪ್ರಿಂಗ್ ಎಳೆದು ಉದ್ದ ಮಾಡುವ ಚಾಳಿಯೂ ಬೇಡ. ಇದು ಎಚ್‌ಎಸ್ ಲೆಕ್ಕ, ಬೇರೆ ಕಾರ್ಬುರೇಟರ್‌ಗೆ ಬೇರೆ ಅಳತೆ ಇರುತ್ತದೆ.

ಜೋಡಿಸುವಾಗ ಲಿವರ್ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಾಮ್. ಪಂಪ್ ಕಡೆ ಉಲ್ಟಾ, ಮೊದಲು ಡಯಾಫ್ರಾಮ್, ಆಮೇಲೆ ಗ್ಯಾಸ್ಕೆಟ್. ಮತ್ತೆ ಬಿಪಿ ಬಲ್ಬ್ ಹಿಡಿದು ನೋಡಿ, ಮುಳ್ಳು ನಿಂತರೆ ಮಾತ್ರ ಚೈನ್‌ಸಾಗೆ ಕೂರಿಸಿ.

ಎಂಜಿನ್ ಒಳಗೆ ತುಂಬಿದ ಪೆಟ್ರೋಲ್ ಖಾಲಿ ಮಾಡದೆ ಹಗ್ಗ ಜಗ್ಗಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ತೂತು ಕೆಳಮುಖ ಮಾಡಿ, ಚೋಕ್ ಆಫ್ ಇಟ್ಟು ನಿಧಾನಕ್ಕೆ ಹಗ್ಗ ಎಳೆಯಿರಿ. ಬಯಲಲ್ಲಿ ಮಾಡಿ, ಬೀಡಿ ಸೇದುವವರು ಹತ್ತಿರ ಬೇಡ. ಪೆಟ್ರೋಲ್ ಹೊಂದಿಸುವ ಎಲ್ (ಕಡಿಮೆ ವೇಗದ್ದು), ಎಚ್ (ಹೆಚ್ಚು ವೇಗದ್ದು) ಸ್ಕ್ರೂಗಳನ್ನು ಹಗುರವಾಗಿ ಕೂರುವವರೆಗೆ ತಿರುಗಿಸಿ, ತಲಾ ಒಂದು ಸುತ್ತು ಹೊರಗೆ ಬಿಡಿ. ಅಲ್ಲಿಂದ ಹೊಂದಿಸಿಕೊಳ್ಳಿ. ಪೂರ್ತಿ ರೇಸಿನಲ್ಲಿ, ಮರಕ್ಕೆ ಇಡದೆ, ಶಬ್ದ ಸ್ವಲ್ಪ ಒಡಕಾಗಿರಬೇಕು, ಮರಕ್ಕೆ ಇಟ್ಟ ಕೂಡಲೇ ಸ್ವಚ್ಛವಾಗಬೇಕು. ಕಿವಿಗೆ ಇಂಪಾಗಿ ಕಿರುಚುತ್ತಿದ್ದರೆ ಪೆಟ್ರೋಲ್ ಕಡಿಮೆಯಾಗಿದೆ, ಪಿಸ್ಟನ್ ಸೀಜ್ ಆಗುವ ದಾರಿ ಅದು.

ಪ್ರಶ್ನೆ: ಈಗಿನ ಪೆಟ್ರೋಲ್‌ನಿಂದಲೇ ಡಯಾಫ್ರಾಮ್ ಹಾಳಾಗುವುದು ಅನ್ನುತ್ತಾರೆ, ನಿಜವಾ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಪೂರ್ತಿ ಅಲ್ಲ, ಆದರೆ ಹುರುಳಿದೆ. ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆಗಿದ್ದು, ಈಗ ಹೆಚ್ಚಿನ ಬಂಕ್‌ಗಳಲ್ಲಿ ಅದೇ. ಸಾ ತಯಾರಿಸುವ ಹಲವು ಕಂಪನಿಗಳ ಕೈಪಿಡಿಗಳು ಎಥನಾಲ್ 10% ದಾಟಬಾರದು ಅನ್ನುತ್ತವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲ ಅಂದರೆ ಕೇಳಬೇಕೇ? ನೀರು ಜಾಸ್ತಿಯಾದರೆ ಅದರ ಜೊತೆ ಎಥನಾಲ್ ಕೂಡ ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಹಳೇ ರಬ್ಬರ್ ಒಂದೋ ಉಬ್ಬುತ್ತದೆ, ಇಲ್ಲವೇ ಗಟ್ಟಿಯಾಗುತ್ತದೆ.

ಒಂದು ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲ್ ಕಲಸಿ. 50ಕ್ಕೆ 1ರಂತೆ ಬೆರೆಸುವ ಟೂ-ಸ್ಟ್ರೋಕ್ ಎಣ್ಣೆಯಾದರೆ ಲೀಟರಿಗೆ 20 ಎಂಎಲ್. ಮಳೆಗಾಲಕ್ಕೆ ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ.

ಪ್ರಶ್ನೆ: ಬಿಚ್ಚುವ ರಗಳೆ ಬೇಡ, ಕ್ಲೀನರ್ ಸ್ಪ್ರೇ ಹೊಡೆದರೆ ಸಾಲದೇ?
— ಓದುಗರು, ಸಕಲೇಶಪುರ

ಉತ್ತರ: ಸಾಲದು. ಡಯಾಫ್ರಾಮ್ ಒಳಗೇ ಇರುವಾಗ ಸ್ಪ್ರೇ ಹೊಡೆದರೆ ರಬ್ಬರ್ ಇನ್ನಷ್ಟು ಕೆಡುತ್ತದೆ. ಸ್ಪ್ರೇ ಬಳಸುವುದಾದರೆ ಎಲ್ಲ ಬಿಚ್ಚಿ, ಬರೀ ಲೋಹದ ಭಾಗಕ್ಕೆ ಹೊಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು.