ಬೀದರ್ ಕಮಾನಿನೊಳಗೆ ಅಪ್ಪ-ಅಮ್ಮನ ಮದುವೆ ಫೋಟೋ ಕೂರಿಸೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಬೀದರ್‌ನ ಮಹಮೂದ್ ಗವಾನ್ ಮದರಸಾದ ಕಮಾನೊಂದರ ಒಳಗೆ ಅಪ್ಪ-ಅಮ್ಮನ ಹಳೇ ಕಪ್ಪು-ಬಿಳುಪು ಮದುವೆ ಫೋಟೋ ಇಡಬೇಕು. 12×18 ಸೈಜಿನಲ್ಲಿ ಪ್ರಿಂಟ್ ಮಾಡಿಸಿ ಮದುವೆ ವಾರ್ಷಿಕೋತ್ಸವಕ್ಕೆ ಕೊಡಬೇಕು. ಫೋಟೋಶಾಪ್‌ನಲ್ಲಿ ಎಷ್ಟು ಸಲ ಮಾಡಿದರೂ ಸ್ಟಿಕರ್ ಥರ ಕಾಣುತ್ತಿದೆ.

ನಾನು ಕಲಬುರಗಿಯಲ್ಲಿ ಮದುವೆ ಆಲ್ಬಮ್, ಫ್ಲೆಕ್ಸ್ ಡಿಸೈನ್ ಮಾಡುವವನು. "ಅಣ್ಣಾ, ಇದು ಹಚ್ಚಿದಂಗ ಕಾಣ್ಲಾಕತ್ತದ್ರಿ" ಅನ್ನೋ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಹೆಚ್ಚಿನ ಸಲ ಕತ್ತರಿಸಿದ್ದು ಸರಿಯಾಗಿಯೇ ಇರುತ್ತದೆ, ನೆರಳು ಇರುವುದಿಲ್ಲ. ಕಮಾನಿಗೆ ಗೋಡೆಯ ದಪ್ಪ ಇದೆ. ಅದರ ಒಳಗೆ ಯಾರಾದರೂ ನಿಂತರೆ ಆ ದಪ್ಪದ ನೆರಳು ಅವರ ಮೇಲೆ ಬೀಳಬೇಕು, ಅಲ್ವಾ?

ಮೊದಲು ಕಮಾನು ಆರಿಸಿ. ಹಳೇ ಮದುವೆ ಫೋಟೋಗಳು ಹೆಚ್ಚಾಗಿ ಸೊಂಟದವರೆಗೆ ಮಾತ್ರ ಇರುತ್ತವೆ. ನಿಮ್ಮದೂ ಹಾಗೇ ಇದ್ದರೆ ನೆಲಮಟ್ಟದ ಬಾಗಿಲು ಬೇಡ, ಕಾಲಿಲ್ಲದೆ ತೇಲಿದ ಹಾಗೆ ಕಾಣುತ್ತದೆ. ಕೆಳಗೆ ಕಟ್ಟೆ ಇರುವ, ಕಿಟಕಿಯಂಥ ಕಮಾನು ತಗೊಳ್ಳಿ. ಆಗ ಇಬ್ಬರೂ ಕಿಟಕಿಯಲ್ಲಿ ನಿಂತ ಹಾಗಿರುತ್ತದೆ. ಫೋಟೋವನ್ನು ದೂರದಿಂದ ನೇರವಾಗಿ ತೆಗೆಯಿರಿ. ಬುಡದಲ್ಲಿ ನಿಂತು ಮೊಬೈಲ್ ಮೇಲೆತ್ತಿ ತೆಗೆದರೆ ಕಮಾನು ಮೇಲೆ ಹೋಗ್ತಾ ಕಿರಿದಾಗುತ್ತದೆ, ಒಳಗಿನ ಮುಖಗಳು ಅದಕ್ಕೆ ಹೊಂದುವುದಿಲ್ಲ.

ಮದುವೆ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಪ್ರಿಂಟ್‌ನಲ್ಲಿ ಕಮಾನು 5 ಇಂಚು ಎತ್ತರ ಬರುತ್ತದೆ ಅಂದುಕೊಂಡರೂ ಇಂಚಿಗೆ 300ರ ಲೆಕ್ಕಕ್ಕೆ 1500 ಪಿಕ್ಸೆಲ್ ಸಾಕು. 4×6ರ ಹಳೇ ಫೋಟೋದಲ್ಲಿ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಆದರೆ ಸ್ಕ್ಯಾನ್ ಮಾಡಿದ್ದನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಬೇಡಿ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಈಗ ಕೂರಿಸೋಣ. ಪೆನ್ ಟೂಲ್‌ನಿಂದ ಕಮಾನಿನ ಒಳ ಅಂಚನ್ನು ಸುತ್ತಿ, ಕಂಟ್ರೋಲ್-ಎಂಟರ್ ಒತ್ತಿ ಸೆಲೆಕ್ಷನ್ ಮಾಡಿ. ಅಂಚು ಮೆತ್ತಗೆ ಮಾಡುವ ಫೆದರ್ 1 ಪಿಕ್ಸೆಲ್ ಸಾಕು. ಮದುವೆ ಫೋಟೋವನ್ನು ಪೂರ್ತಿ ಕಾಪಿ ಮಾಡಿ ಬಂದು, ಎಡಿಟ್ ಮೆನುವಿನ ಪೇಸ್ಟ್ ಸ್ಪೆಷಲ್‌ನಲ್ಲಿ 'ಪೇಸ್ಟ್ ಇನ್‌ಟು' ಒತ್ತಿ. ಫೋಟೋ ತಾನಾಗಿಯೇ ಮಾಸ್ಕ್ (ಕಮಾನಿನ ಹೊರಗಿನ ಭಾಗ ಮರೆಮಾಡುವ ಮುಸುಕು) ಸಮೇತ ಒಳಗೆ ಬಂದು ಕೂರುತ್ತದೆ. ಮಾಸ್ಕ್‌ಗೂ ಫೋಟೋಗೂ ಕೊಂಡಿ ಇರುವುದಿಲ್ಲ, ಹಾಗಾಗಿ ಫೋಟೋ ಎಳೆದಾಡಿದರೂ ಕಮಾನು ಅಲುಗುವುದಿಲ್ಲ. ದೊಡ್ಡದು-ಚಿಕ್ಕದು ಮಾಡಲು ಕಂಟ್ರೋಲ್-ಟಿ. ಒಮ್ಮೆ ಚಿಕ್ಕದು ಮಾಡಿ ಓಕೆ ಕೊಟ್ಟಮೇಲೆ ಮತ್ತೆ ಎಳೆದು ದೊಡ್ಡದು ಮಾಡಬೇಡಿ, ಮಸುಕಾಗುತ್ತದೆ. ಹೊಸದಾಗಿ ಪೇಸ್ಟ್ ಮಾಡಿ. ಫೋಟೋಶಾಪ್ ಇಲ್ಲದವರಿಗೆ ಗಿಂಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ಓಪನ್ ಆ್ಯಸ್ ಲೇಯರ್ಸ್' ಮಾಡಿ, ಸೆಲೆಕ್ಷನ್‌ನಿಂದ ಲೇಯರ್ ಮಾಸ್ಕ್ ಕೊಟ್ಟರೆ ಅದೇ ಕೆಲಸ.

ಇನ್ನು ನೆರಳು. ಮೇಲೊಂದು ಖಾಲಿ ಲೇಯರ್ ತೆಗೆದು, ಕಂಟ್ರೋಲ್-ಆಲ್ಟ್-ಜಿ ಒತ್ತಿ ಕೆಳಗಿನದಕ್ಕೆ ಕ್ಲಿಪ್ ಮಾಡಿ, ಬಣ್ಣ ಫೋಟೋದ ಆಚೆ ಹೋಗುವುದಿಲ್ಲ. ಮೋಡ್ ಮಲ್ಟಿಪ್ಲೈ ಇರಲಿ, ಅದು ಕೆಳಗಿನದನ್ನು ಗಾಢ ಮಾಡುತ್ತದೆ. ಕಪ್ಪು ಬಣ್ಣ ಬೇಡ. ಕಮಾನಿನ ನೆರಳಿನಿಂದಲೇ ಆ ಮಣ್ಣುಗಂದು ಬಣ್ಣ ಎತ್ತಿಕೊಂಡು, ದೊಡ್ಡ ಮೆತ್ತನೆ ಬ್ರಷ್‌ನಿಂದ ಅಂಚಿನ ಗುಂಟ ಎಳೆಯಿರಿ. ಓಪಾಸಿಟಿ 20ರ ಸುತ್ತ ಇಟ್ಟುಕೊಂಡು ಎರಡು-ಮೂರು ಸಲ. ಬಿಸಿಲು ಯಾವ ಕಡೆಯಿಂದ ಬಂದಿದೆಯೋ ಆ ಕಡೆಯ ಅಂಚಿನಲ್ಲಿ ದಟ್ಟ, ಎದುರಿನ ಅಂಚಿನಲ್ಲಿ ತೆಳು. ಮೇಲುಗಡೆ ಸ್ವಲ್ಪ ಜಾಸ್ತಿಯೇ ಇರಲಿ. ಫೋಟೋ ಒಳಗೆ ಸರಿದದ್ದು ಆಗ ನಿಮ್ಮ ಕಣ್ಣಿಗೇ ಕಾಣುತ್ತದೆ.

ಬಿಳುಪಿನ ವಿಷಯ. ಮದರಸಾ 1472ರ ಕಟ್ಟಡ. ಟೈಲ್ಸ್ ಬಹಳಷ್ಟು ಉದುರಿವೆ, ಬಿಸಿಲು-ಮಳೆ ತಿಂದ ಗೋಡೆಯಲ್ಲಿ ಅಚ್ಚ ಬಿಳಿ ಹುಡುಕಿದರೂ ಸಿಗದು. ಅದರ ನಡುವೆ ಮದುಮಗನ ಶರ್ಟು ಟ್ಯೂಬ್‌ಲೈಟಿನಂತೆ ಹೊಳೆದರೆ ಹೇಗೆ? ಕರ್ವ್ಸ್‌ನಲ್ಲಿ ಬಿಳಿ ತುದಿಯನ್ನು 255ರಿಂದ 225ರ ಹತ್ತಿರಕ್ಕೆ ಇಳಿಸಿ, ಕಪ್ಪು ತುದಿಯನ್ನು ತುಸು ಎತ್ತಿ, ಒಂಚೂರು ಹಳದಿ ಸೇರಿಸಿ. ಬಣ್ಣ ತುಂಬುವ ಆ್ಯಪ್‌ಗಳ ಸಹವಾಸ ಬೇಡ ಅಂತ ನನ್ನ ಅಭಿಪ್ರಾಯ. ಅದು ಸೀರೆಗೆ ಕೆಂಪು ಹಾಕುತ್ತದೆ, ನಿಮ್ಮ ಅಮ್ಮ "ನಂದು ಹಸಿರು ಸೀರಿ ಇತ್ತಲ್ಲ" ಅಂತಾರೆ.

ಬೆಳಕಿನ ದಿಕ್ಕು ಹೊಂದದಿದ್ದರೆ ಮದುವೆ ಫೋಟೋವನ್ನು ಕನ್ನಡಿಯಂತೆ ತಿರುಗಿಸುವ ಆಸೆ ಬರುತ್ತದೆ. ನಾನು ಒಮ್ಮೆ ಮಾಡಿ ಸಿಕ್ಕಿಬಿದ್ದಿದ್ದೇನೆ. ತೀರಿಕೊಂಡ ತಂದೆಯನ್ನು ಗೃಹಪ್ರವೇಶದ ಫೋಟೋದಲ್ಲಿ ಸೇರಿಸಿಕೊಡಿ ಅಂದಿದ್ದರು. ನೆರಳು ಹೊಂದಲಿ ಅಂತ ತಿರುಗಿಸಿದೆ. ಮಕ್ಕಳೆಲ್ಲ ಚೆನ್ನಾಗಿದೆ ಅಂದರು. ಕಿರಿಮಗಳು ಮಾತ್ರ ಬಹಳ ಹೊತ್ತು ನೋಡಿ ಕೇಳಿದಳು: "ಅಪ್ಪನ ಜೇಬು ಬಲಕ್ಕ ಯಾಕ ಬಂತ್ರಿ ಅಣ್ಣಾ?" ಹಣ ತಗೊಳ್ಳಲಿಲ್ಲ, ರಾತ್ರಿ ಕೂತು ಮತ್ತೆ ಮಾಡಿದೆ. ಹಾಗಂತ ಅದರ ಬದಲು ಕಮಾನಿನ ಫೋಟೋವನ್ನೂ ತಿರುಗಿಸಬೇಡಿ, ಬೀದರ್‌ನವರು ಹಿಡಿದುಬಿಡುತ್ತಾರೆ: ಉಳಿದಿರುವುದು ಒಂದೇ ಮಿನಾರು. ಬೇರೆ ಹೊತ್ತಿನಲ್ಲಿ ಹೋಗಿ ಇನ್ನೊಂದು ಫೋಟೋ ತೆಗೆದುಕೊಂಡು ಬನ್ನಿ.

12×18 ಹಾಕಿಸುವ ಮುಂಚೆ ಒಂದು 4×6 ಪ್ರಿಂಟ್ ತೆಗೆಸಿ ನೋಡಿ. ಸ್ಕ್ರೀನ್‌ನಲ್ಲಿ ಸರಿ ಕಂಡ ನೆರಳು ಕಾಗದದಲ್ಲಿ ಹೆಚ್ಚಾಗಿ ಕಪ್ಪಗಾಗಿಯೇ ಬರುತ್ತದೆ.